ಪರ್ಸನಲ್ ಲೈನ್ಸ್ ಪರೀಕ್ಷೆಗೆ ಓದುವವರು ಮೊದಲು ಹಿಡಿಯಬೇಕಾದ ಒಂದು ಮಾತು

ಪ್ರಶ್ನೆ: ನಾವು ಡಲ್ಲಾಸ್ ಹತ್ತಿರ ಇದ್ದೇವೆ. ನನಗೆ ಎಚ್-4 ವೀಸಾ (ಸಂಗಾತಿಯ ಕೆಲಸದ ವೀಸಾ ಜೊತೆ ಸಿಗುವುದು) ಮೇಲೆ ಕೆಲಸ ಮಾಡಲು ಅನುಮತಿ ಸಿಕ್ಕಿದೆ. ಮನೆ, ಕಾರಿನ ಇನ್ಶೂರೆನ್ಸ್ ಮಾರುವ ಏಜೆನ್ಸಿ ಸೇರಬೇಕೆಂದರೆ ಪರ್ಸನಲ್ ಲೈನ್ಸ್ ಪರೀಕ್ಷೆ ಪಾಸಾಗಬೇಕು. ಪೆರಿಲ್, ಹ್ಯಾಜರ್ಡ್, ಇನ್‌ಡೆಮ್ನಿಟಿ, ಸಬ್ರೋಗೇಶನ್ ಅಂತ ರಾಶಿ ಫ್ಲ್ಯಾಶ್ ಕಾರ್ಡ್ ಮಾಡಿಕೊಂಡು ಬಾಯಿಪಾಠ ಹೊಡೆದಿದ್ದೇನೆ. ಆದರೂ ಪ್ರಾಕ್ಟೀಸ್ ಟೆಸ್ಟಲ್ಲಿ ಪ್ರತಿ ಸಲ ಎರಡು ಉತ್ತರಗಳ ಮಧ್ಯೆ ಸಿಕ್ಕಿಹಾಕಿಕೊಳ್ಳುತ್ತೇನೆ. ಊರಲ್ಲಿ ನಮ್ಮಪ್ಪ ಎಲ್‌ಐಸಿ ಏಜೆಂಟ್. ಅವರಿಂದ ಕಿವಿಗೆ ಬಿದ್ದದ್ದು ಇಲ್ಲಿ ಉಪಯೋಗಕ್ಕೆ ಬರುತ್ತಾ? ಎಲ್ಲಿಂದ ಶುರು ಮಾಡಲಿ?

ಉತ್ತರ: ನಿಮ್ಮ ಕೊನೆಯ ಪ್ರಶ್ನೆಯಿಂದಲೇ ಶುರು ಮಾಡೋಣ. ಅಪ್ಪನಿಂದ ಕಲಿತದ್ದು ಉಪಯೋಗಕ್ಕೆ ಬರುತ್ತೆ. ಆದರೆ ಒಂದು ಕಡೆ ಅದೇ ನಿಮ್ಮನ್ನು ದಾರಿ ತಪ್ಪಿಸುತ್ತಿದೆ ಅಂತ ನನಗೆ ಅನಿಸುತ್ತೆ.

ಜೀವ ವಿಮೆಯಲ್ಲಿ 10 ಲಕ್ಷ ಅಂತ ಬರೆದಿದ್ದರೆ, ಮನುಷ್ಯ ಹೋದಾಗ 10 ಲಕ್ಷ ಕೊಡುತ್ತಾರೆ. ಆ ಜೀವಕ್ಕೆ ಬೆಲೆ ಎಷ್ಟು ಅಂತ ಯಾರೂ ಲೆಕ್ಕ ಹಾಕುವುದಿಲ್ಲ. ಮನೆ, ಕಾರಿನ ವಿಮೆ ಹಾಗಲ್ಲ. ಪಾಲಿಸಿಯಲ್ಲಿ 4 ಲಕ್ಷ ಡಾಲರ್ ಅಂತ ಇದ್ದರೂ, 12 ಸಾವಿರದ ಹಾನಿಗೆ 12 ಸಾವಿರದ ಲೆಕ್ಕವೇ. ಬರೆದಿರುವ ಮೊತ್ತ ಗರಿಷ್ಠ ಮಿತಿ ಅಷ್ಟೇ, ಮಾತು ಕೊಟ್ಟ ಮೊತ್ತ ಅಲ್ಲ. ಹಾನಿಗೆ ಮುಂಚೆ ನೀವು ಎಲ್ಲಿದ್ದಿರೋ ಅಲ್ಲಿಗೆ ವಾಪಸ್ ತಂದು ನಿಲ್ಲಿಸುವುದು, ಅದಕ್ಕಿಂತ ಮೇಲೆ ಅಲ್ಲ. ಇದೇ ಇನ್‌ಡೆಮ್ನಿಟಿ. ನಿಮ್ಮ ಕಾರ್ಡುಗಳಲ್ಲಿ ಅರ್ಧಕ್ಕರ್ಧ ಪದಗಳು ಈ ಒಂದು ಮಾತನ್ನು ಕಾಪಾಡುವುದಕ್ಕೇ ಇವೆ. ಅದನ್ನು ಬಿಟ್ಟು ಬಿಡಿಬಿಡಿಯಾಗಿ ಓದುತ್ತಿರುವುದರಿಂದ ನಿಮಗೆ ಎರಡು ಉತ್ತರಗಳೂ ಸರಿ ಅನಿಸುತ್ತಿವೆ.

ಇನ್ಶೂರೆಬಲ್ ಇಂಟರೆಸ್ಟ್ ತೆಗೆದುಕೊಳ್ಳಿ, ಅಂದರೆ ಹಾನಿಯಾದರೆ ನಿಮಗೇ ನಷ್ಟ ತಾಗುವಂಥ ಸಂಬಂಧ. ಆಸ್ತಿ ವಿಮೆಯಲ್ಲಿ ಅದು ಹಾನಿಯಾದ ಹೊತ್ತಿಗೆ ಇರಬೇಕು. ಮನೆ ಮಾರಿ, ಪಾಲಿಸಿ ರದ್ದು ಮಾಡಿಸುವುದು ಮರೆತಿರಿ ಅಂದುಕೊಳ್ಳಿ. ಮುಂದಿನ ವಾರ ಆ ಮನೆ ಸುಟ್ಟುಹೋಯಿತು. ನಿಮ್ಮ ಹೆಸರಲ್ಲಿ ಪಾಲಿಸಿ ಇದೆ, ಪ್ರೀಮಿಯಂ ಕಟ್ಟಿದ್ದೀರಿ. ಆದರೂ ನಿಮಗೆ ಏನೂ ಬರುವುದಿಲ್ಲ. ಯಾಕೆಂದರೆ ನೀವು ಏನೂ ಕಳೆದುಕೊಂಡಿಲ್ಲ. ಜೀವ ವಿಮೆಯಲ್ಲಿ ಇದು ತಿರುಗುಮುರುಗು: ಪಾಲಿಸಿ ಮಾಡಿಸುವಾಗ ಸಂಬಂಧ ಇದ್ದರೆ ಸಾಕು, ಆಮೇಲೆ ವಿಚ್ಛೇದನ ಆದರೂ ಪಾಲಿಸಿ ನಡೆಯುತ್ತೆ. ಈ ವ್ಯತ್ಯಾಸದ ಮೇಲೆ ಪ್ರಶ್ನೆ ಬರುವುದು ತೀರಾ ಮಾಮೂಲು. ಎಲ್‌ಐಸಿ ಮನೆಯಲ್ಲಿ ಬೆಳೆದವರು ಇಲ್ಲೇ ಎಡವುವುದು.

ಸಬ್ರೋಗೇಶನ್ ಕೂಡ ಅದೇ ಮಾತು. ಇನ್ನೊಬ್ಬರ ತಪ್ಪಿನಿಂದ ನಿಮ್ಮ ಕಾರು ಜಜ್ಜಿತು. ನಿಮ್ಮ ಕಂಪನಿ ದುಡ್ಡು ಕೊಟ್ಟಿತು. ಇನ್ನು ಆ ಇನ್ನೊಬ್ಬರಿಂದ ವಸೂಲಿ ಮಾಡುವ ಹಕ್ಕು ಕಂಪನಿಗೆ ಹೋಗುತ್ತೆ. ಇಲ್ಲದಿದ್ದರೆ ಒಂದೇ ಹಾನಿಗೆ ನೀವು ಎರಡು ಕಡೆಯಿಂದ ತೆಗೆದುಕೊಂಡ ಹಾಗಾಗುತ್ತೆ. ಒಂದೇ ಮನೆಗೆ ಎರಡು ಪಾಲಿಸಿ ಇದ್ದರೆ ಇಬ್ಬರೂ ಪೂರ್ತಿ ಕೊಡದೆ ಪ್ರೊ ರೇಟಾ, ಅಂದರೆ ತಮ್ಮ ತಮ್ಮ ಪಾಲಿನಷ್ಟು, ಹಂಚಿಕೊಳ್ಳುವುದೂ ಇದಕ್ಕೇ.

ಈಗ ಆಕ್ಚುಯಲ್ ಕ್ಯಾಶ್ ವ್ಯಾಲ್ಯೂ (ಎಸಿವಿ) ಮತ್ತು ರಿಪ್ಲೇಸ್‌ಮೆಂಟ್ ಕಾಸ್ಟ್. ನೀವು ಟೆಕ್ಸಾಸ್‌ನಲ್ಲಿರುವುದರಿಂದ ಆಲಿಕಲ್ಲಿನ ಉದಾಹರಣೆಯೇ ಸರಿ. ಚಾವಣಿ ಹೊಸದಾಗಿ ಹಾಕಿಸಲು 20,000 ಡಾಲರ್ ಬೇಕು. ಅದರ ಆಯಸ್ಸು 20 ವರ್ಷ, ಈಗ 10 ವರ್ಷ ಆಗಿದೆ. ಆಲಿಕಲ್ಲು ಬಿದ್ದು ಹಾಳಾಯಿತು. ಎಸಿವಿ ಅಂದರೆ ಹೊಸದರ ಬೆಲೆಯಿಂದ ಸವಕಳಿ ಕಳೆದದ್ದು: ಅರ್ಧ ಆಯಸ್ಸು ಮುಗಿದಿದೆ, ಹಾಗಾಗಿ 10,000. ರಿಪ್ಲೇಸ್‌ಮೆಂಟ್ ಕಾಸ್ಟ್ ಪಾಲಿಸಿಯಾದರೆ ಸವಕಳಿ ಕಳೆಯುವುದಿಲ್ಲ, ಪೂರ್ತಿ 20,000 ಲೆಕ್ಕಕ್ಕೆ. ಎರಡರಲ್ಲೂ ಡಿಡಕ್ಟಿಬಲ್, ಅಂದರೆ ಮೊದಲು ನಿಮ್ಮ ಜೇಬಿನಿಂದ ಹಾಕಬೇಕಾದ ಮೊತ್ತ, ಕಳೆಯಬೇಕು. ಟೆಕ್ಸಾಸ್‌ನಲ್ಲಿ ಗಾಳಿ, ಆಲಿಕಲ್ಲಿಗೆ ಡಿಡಕ್ಟಿಬಲ್ ಅನ್ನು ಶೇಕಡಾ ಲೆಕ್ಕದಲ್ಲಿ ಇಡುವುದು ಮಾಮೂಲು, ಅದೂ ಹಾನಿಯ ಮೇಲಲ್ಲ, ಮನೆಯ ವಿಮೆ ಮೊತ್ತದ ಮೇಲೆ. 4 ಲಕ್ಷದ ಮನೆಗೆ ಶೇ. 2 ಅಂದರೆ 8,000 ಡಾಲರ್. ಮೇಲಿನ ಲೆಕ್ಕದಲ್ಲಿ ಎಸಿವಿ ಪಾಲಿಸಿಯವರ ಕೈಗೆ ಬರುವುದು ಬರೀ 2,000. ಚಾವಣಿಗೆ ಬೇಕಾದದ್ದು 20,000. ಇದನ್ನು ಒಮ್ಮೆ ಕಾಗದದ ಮೇಲೆ ಬರೆದು ನೋಡಿ. ಪರೀಕ್ಷೆ ಹಾಗಿರಲಿ, ನಾಳೆ ನಿಮ್ಮ ಮುಂದೆ ಕೂರುವ ಗ್ರಾಹಕರಿಗೆ ಇದನ್ನು ಹೇಳದೆ ಪಾಲಿಸಿ ಮಾರಬೇಡಿ.

ಇದರ ಜೊತೆಗೇ ಬರುವುದು ಶೇ. 80ರ ನಿಯಮ. ಮನೆಯನ್ನು ಮತ್ತೆ ಕಟ್ಟಲು ಎಷ್ಟು ಬೇಕೋ ಅದರ ಕನಿಷ್ಠ ಶೇ. 80ರಷ್ಟಕ್ಕೆ ವಿಮೆ ಇರಬೇಕು. ಮಾರುಕಟ್ಟೆ ಬೆಲೆ ಅಲ್ಲ, ಜಾಗದ ಬೆಲೆಯೂ ಸೇರುವುದಿಲ್ಲ. ಕಟ್ಟಲು 4,00,000 ಬೇಕು ಅಂದರೆ 3,20,000ಕ್ಕೆ ಇರಬೇಕಿತ್ತು. ಮನೆಯವರು ಪ್ರೀಮಿಯಂ ಉಳಿಸಲು 2,40,000ಕ್ಕೆ ಮಾಡಿಸಿದ್ದಾರೆ. ಅಡುಗೆಮನೆಗೆ ಬೆಂಕಿ ಬಿದ್ದು 40,000 ಹಾನಿ. ಇರುವುದನ್ನು ಇರಬೇಕಾದದ್ದರಿಂದ ಭಾಗಿಸಿ: ಮುಕ್ಕಾಲು. ಹಾಗಾಗಿ 30,000, ಅದರಿಂದ ಡಿಡಕ್ಟಿಬಲ್ ಕಳೆಯಬೇಕು. ಹೋಮ್‌ಓನರ್ಸ್ ಪಾಲಿಸಿಯಲ್ಲಿ ಇನ್ನೊಂದು ಸೂಕ್ಷ್ಮ ಇದೆ: ಈ ಮೊತ್ತ ಮತ್ತು ಎಸಿವಿ, ಎರಡರಲ್ಲಿ ಯಾವುದು ಜಾಸ್ತಿಯೋ ಅದನ್ನು ಕೊಡುತ್ತಾರೆ. ಎಸಿವಿ 34,000 ಆಗಿದ್ದರೆ 34,000ವೇ ಲೆಕ್ಕ. ಪ್ರಶ್ನೆಯಲ್ಲಿ ಎಸಿವಿ ಅಂಕಿ ಕೊಟ್ಟಿದ್ದಾರೋ ಇಲ್ಲವೋ ನೋಡಿಕೊಳ್ಳಿ. ಅಂಕಿಯನ್ನು ಸುಮ್ನೆ ಕೊಟ್ಟಿರುವುದಿಲ್ಲ.

ಇಷ್ಟು ಗಟ್ಟಿಯಾದರೆ ಮಿಕ್ಕದ್ದು ಹಗುರ. ಈಗ ಪೆರಿಲ್, ಹ್ಯಾಜರ್ಡ್‌ಗೆ ಬರೋಣ.

ಹಾನಿ ಮಾಡಿದ್ದು ಪೆರಿಲ್: ಬೆಂಕಿ, ಕಳ್ಳತನ, ಗಾಳಿ. ಆ ಹಾನಿಯ ಸಾಧ್ಯತೆಯನ್ನು ಜಾಸ್ತಿ ಮಾಡುವುದು ಹ್ಯಾಜರ್ಡ್. ಹಬ್ಬದ ದಿನ ಒಲೆ ಮೇಲೆ ಬಾಣಲೆ ತುಂಬ ಎಣ್ಣೆ ಕಾಯುತ್ತಿದೆ, ಪಕ್ಕದಲ್ಲೇ ಕಿಟಕಿ ಪರದೆ ತೂಗುತ್ತಿದೆ. ಆ ಪರದೆ, ಎಣ್ಣೆ ಫಿಸಿಕಲ್ ಹ್ಯಾಜರ್ಡ್. "ಇನ್ಶೂರೆನ್ಸ್ ಇದೆಯಲ್ಲ, ಏನಾಗುತ್ತೆ" ಅಂತ ಒಲೆ ಉರಿಯಲು ಬಿಟ್ಟು ಫೋನಲ್ಲಿ ಮಾತಾಡಲು ಹೊರಗೆ ಹೋಗುವುದು ಮೊರೇಲ್ ಹ್ಯಾಜರ್ಡ್, ಅಂದರೆ ಉದಾಸೀನ. ದುಡ್ಡು ಬರಲಿ ಅಂತ ಬೇಕೆಂದೇ ಬೆಂಕಿ ಇಡುವ ಬುದ್ಧಿ ಮಾರಲ್ ಹ್ಯಾಜರ್ಡ್, ಅಂದರೆ ಅಪ್ರಾಮಾಣಿಕತೆ. ಬೆಂಕಿ ಪೆರಿಲ್. ಸುಟ್ಟ ಅಡುಗೆಮನೆ ಲಾಸ್. ಯಾವ ಪ್ರಶ್ನೆ ಬಂದರೂ ಈ ಅಡುಗೆಮನೆಯಲ್ಲಿ ಅದನ್ನು ಎಲ್ಲಿಡಬಹುದು ಅಂತ ನೋಡಿ.

ರಿಸ್ಕ್‌ನಲ್ಲಿ ಎರಡು ಬಗೆ. ಶೇರು ಮಾರುಕಟ್ಟೆಯಲ್ಲಿ ಲಾಭವೂ ಆಗಬಹುದು, ನಷ್ಟವೂ ಆಗಬಹುದು. ಅದು ಸ್ಪೆಕ್ಯುಲೇಟಿವ್, ವಿಮೆ ಇಲ್ಲ. ನಷ್ಟ ಅಥವಾ ಏನೂ ಆಗದಿರುವುದು, ಇವೆರಡೇ ಸಾಧ್ಯ ಇದ್ದರೆ ಪ್ಯೂರ್ ರಿಸ್ಕ್. ವಿಮೆ ಇದಕ್ಕೆ ಮಾತ್ರ. ಇಲ್ಲೂ ನೋಡಿ, ಲಾಭದ ವಾಸನೆ ಬಂದ ಕೂಡಲೇ ವಿಮೆ ಹಿಂದೆ ಸರಿಯುತ್ತೆ.

ಒಂದು ಮನೆಗೆ ಯಾವಾಗ ಬೆಂಕಿ ಬೀಳುತ್ತೆ ಅಂತ ಯಾರೂ ಹೇಳಲಾರರು. ಒಂದೇ ತರಹದ ಲಕ್ಷ ಮನೆಗಳಲ್ಲಿ ವರ್ಷಕ್ಕೆ ಸುಮಾರು ಎಷ್ಟಕ್ಕೆ ಬೀಳುತ್ತೆ ಅಂತ ಹೇಳಬಹುದು. ಇದು ಲಾ ಆಫ್ ಲಾರ್ಜ್ ನಂಬರ್ಸ್. ಆದರೆ ಅಪಾಯ ಜಾಸ್ತಿ ಇರುವವರಷ್ಟೇ ಬಂದು ವಿಮೆ ಕೊಂಡರೆ ಈ ಲೆಕ್ಕ ಕೆಡುತ್ತೆ. ಅದು ಅಡ್ವರ್ಸ್ ಸೆಲೆಕ್ಷನ್. ಪ್ರವಾಹದ ವಿಮೆ ಇದಕ್ಕೆ ಒಳ್ಳೆಯ ಉದಾಹರಣೆ. ಮಾಮೂಲಿ ಮನೆ ಪಾಲಿಸಿಯಲ್ಲಿ ಪ್ರವಾಹ ಸೇರಿಲ್ಲ. 1968ರಲ್ಲಿ ಫೆಡರಲ್ ಸರ್ಕಾರವೇ ಅದಕ್ಕೆಂದು ಎನ್‌ಎಫ್‌ಐಪಿ (ರಾಷ್ಟ್ರೀಯ ಪ್ರವಾಹ ವಿಮೆ ಯೋಜನೆ) ಶುರು ಮಾಡಿತು. ಒಂದು ಮನೆಗೆ ಕಟ್ಟಡಕ್ಕೆ 2,50,000, ಸಾಮಾನಿಗೆ 1,00,000 ಡಾಲರ್ ಗರಿಷ್ಠ. ಕೊಂಡ ಮೇಲೆ ಸಾಮಾನ್ಯವಾಗಿ 30 ದಿನ ಕಾಯಬೇಕು. ಟಿವಿಯಲ್ಲಿ ಚಂಡಮಾರುತ ನೋಡಿ ಓಡಿಬಂದು ಕೊಳ್ಳುವವರನ್ನು ತಡೆಯಲಿಕ್ಕೇ ಆ 30 ದಿನ. 2017ರ ಆಗಸ್ಟ್‌ನಲ್ಲಿ ಹಾರ್ವಿ ಚಂಡಮಾರುತ ಬಂದಾಗ ಹ್ಯೂಸ್ಟನ್ ಸುತ್ತಮುತ್ತ ಮನೆಗೆ ನೀರು ನುಗ್ಗಿದವರಲ್ಲಿ ಬಹಳ ಜನರ ಹತ್ತಿರ ಮನೆ ವಿಮೆ ಇತ್ತು, ಪ್ರವಾಹದ ವಿಮೆ ಇರಲಿಲ್ಲ.

ಒಪ್ಪಂದದ ಅಧ್ಯಾಯ ಒಣಗಿದಂತೆ ಕಾಣುತ್ತೆ, ಆದರೆ ಅಂಕ ಸಲೀಸಾಗಿ ಸಿಗುವ ಜಾಗ. ಪಾಲಿಸಿಯನ್ನು ಕಂಪನಿಯೇ ಬರೆಯುತ್ತೆ, ಗ್ರಾಹಕರು ಒಪ್ಪಬೇಕು ಅಥವಾ ಬಿಡಬೇಕು: ಅಡ್ಹೀಷನ್. ಅದಕ್ಕೇ ವಾಕ್ಯ ಎರಡರ್ಥ ಕೊಟ್ಟರೆ ಕೋರ್ಟು ಗ್ರಾಹಕರ ಪರವಾಗಿ ಓದುತ್ತೆ. ಕಟ್ಟಿದ್ದಕ್ಕೂ ಸಿಗುವುದಕ್ಕೂ ಸಮ ಇರಬೇಕಿಲ್ಲ: ಅಲಿಯಟರಿ. ಕಾನೂನಿನಂತೆ ಮಾತಿಗೆ ಕಟ್ಟುಬಿದ್ದಿರುವುದು ಕಂಪನಿ ಮಾತ್ರ: ಯೂನಿಲ್ಯಾಟರಲ್. ಅರ್ಜಿಯಲ್ಲಿ ತನಗೆ ತಿಳಿದಮಟ್ಟಿಗೆ ನಿಜ ಅಂತ ಹೇಳುವುದು ರೆಪ್ರೆಸೆಂಟೇಶನ್. ಪೂರ್ತಿ ನಿಜ ಅಂತ ಖಾತರಿ ಕೊಡುವುದು ವಾರಂಟಿ. ಹೇಳಲೇಬೇಕಾದದ್ದನ್ನು ಬೇಕೆಂದೇ ಮುಚ್ಚಿಡುವುದು ಕನ್‌ಸೀಲ್‌ಮೆಂಟ್.

ಈಗ ನಿಮ್ಮ ಓದಿನ ಸಮಯ ನಿಜವಾಗಿ ಹೋಗಬೇಕಾದ ಕಡೆಗೆ ಬರುತ್ತೇನೆ: ಎಚ್‌ಓ-3 ಫಾರ್ಮ್, ಅಂದರೆ ಮಾಮೂಲಿ ಮನೆ ವಿಮೆಯ ಪಾಲಿಸಿ. ಪರೀಕ್ಷಾ ಪುಸ್ತಕ ಬದಿಗಿಟ್ಟು ಐಎಸ್‌ಓ (ಪಾಲಿಸಿ ಮಾದರಿಗಳನ್ನು ಸಿದ್ಧಪಡಿಸುವ ಸಂಸ್ಥೆ) ಎಚ್‌ಓ-3 ಮಾದರಿ ಪಾಲಿಸಿಯೊಂದನ್ನು (ಇಲ್ಲಿ ಕೊಡುವ ಅಂಕಿಗಳು ಅದರ 2011ರ ಆವೃತ್ತಿಯವು) ಮೊದಲಿಂದ ಕೊನೆವರೆಗೆ ಓದಿ. ಡಿಕ್ಲರೇಶನ್ಸ್, ಇನ್ಶೂರಿಂಗ್ ಅಗ್ರಿಮೆಂಟ್, ಕಂಡೀಷನ್ಸ್, ಎಕ್ಸ್‌ಕ್ಲೂಷನ್ಸ್, ಎಲ್ಲ ಅಲ್ಲೇ ಕಣ್ಣಿಗೆ ಕಾಣುತ್ತೆ. ವಿಮೆಯ ಭಾಗಗಳು ಎ ಇಂದ ಎಫ್ ವರೆಗೆ: ಎ ಮನೆಗೆ. ಬಿ ಶೆಡ್, ಬೇಲಿ ತರಹದ್ದಕ್ಕೆ, ಎಯ ಶೇ. 10. ಸಿ ಸಾಮಾನಿಗೆ, ಶೇ. 50. ಡಿ ಮನೆ ವಾಸಕ್ಕೆ ಆಗದಿದ್ದಾಗ ಬೇರೆ ಕಡೆ ಇರುವ ಖರ್ಚಿಗೆ, ಶೇ. 30. ಇ ಇನ್ನೊಬ್ಬರಿಗೆ ನಿಮ್ಮಿಂದ ಹಾನಿಯಾದರೆ, ಕನಿಷ್ಠ 1,00,000. ಎಫ್ ನಿಮ್ಮ ತಪ್ಪಿರಲಿ ಬಿಡಲಿ, ಮನೆಗೆ ಬಂದವರಿಗೆ ಪೆಟ್ಟಾದರೆ ಚಿಕಿತ್ಸೆಗೆ, ತಲೆಗೆ 1,000. ಮನೆಗೆ ಓಪನ್ ಪೆರಿಲ್ಸ್: ಬೇಡ ಅಂತ ಹೇಳದಿದ್ದರೆ ಸೇರಿದೆ. ಸಾಮಾನಿಗೆ ನೇಮ್ಡ್ ಪೆರಿಲ್ಸ್: 16 ಕಾರಣಗಳ ಪಟ್ಟಿ ಇದೆ, ಅದರಲ್ಲಿದ್ದರೆ ಮಾತ್ರ. ಒಂದೇ ಪಾಲಿಸಿಯೊಳಗೆ ಎರಡು ನಿಯಮ. ಪ್ರಶ್ನೆ ಹೆಣೆಯುವುದು ಇಲ್ಲೇ.

ಈ ಫಾರ್ಮಿನಲ್ಲಿ ಒಂದು ಜಾಗ ನಮ್ಮ ಜನರಿಗೆ ನೇರವಾಗಿ ತಾಗುತ್ತೆ. ಸಿ ಭಾಗದ ವಿಶೇಷ ಮಿತಿಗಳು. ಆಭರಣ ಕಳುವಾದರೆ ಗರಿಷ್ಠ 1,500 ಡಾಲರ್. ಒಂದು ಬಳೆಗಲ್ಲ, ಪೆಟ್ಟಿಗೆಯಲ್ಲಿದ್ದ ಸರ, ಬಳೆ, ಓಲೆ ಎಲ್ಲ ಸೇರಿ 1,500. ಬೆಳ್ಳಿ ತಟ್ಟೆ, ಬಟ್ಟಲು ಕಳುವಾದರೆ 2,500. ಹಬ್ಬಕ್ಕೆಂದು ಕೊಂಡಿಟ್ಟ ಚಿನ್ನದ ನಾಣ್ಯ, ಬಿಸ್ಕತ್ತು ಆಭರಣದ ಗುಂಪಿಗೆ ಸೇರುವುದೇ ಇಲ್ಲ. ಅವು ನಗದಿನ ಜೊತೆ ಬರುತ್ತವೆ. ಮಿತಿ 200 ಡಾಲರ್, ಅದೂ ಬರೀ ಕಳ್ಳತನಕ್ಕಲ್ಲ, ಎಲ್ಲ ಕಾರಣಗಳಿಗೂ. ಈಜುಕೊಳದಲ್ಲಿ ಮಾಂಗಲ್ಯ ಸರ ಎಲ್ಲೋ ಜಾರಿಹೋದರೆ? 16ರ ಪಟ್ಟಿಯಲ್ಲಿ "ಕಳೆದುಹೋಯಿತು" ಅನ್ನುವುದು ಇಲ್ಲ, ಹಾಗಾಗಿ ಸೊನ್ನೆ. ಅದೇ ಆಭರಣ ಬೆಂಕಿಯಲ್ಲಿ ಹೋದರೆ 1,500ರ ಮಿತಿ ಅನ್ವಯಿಸುವುದಿಲ್ಲ. ಪರೀಕ್ಷೆಯವರು ಕಳ್ಳತನ, ಬೆಂಕಿ ಅದಲುಬದಲು ಮಾಡಿ ಕೇಳುವುದು ಇದನ್ನೇ. ಇದಕ್ಕೆ ದಾರಿ: ಬೆಲೆ ಕಟ್ಟಿಸಿ, ಒಂದೊಂದನ್ನೂ ಪಟ್ಟಿ ಮಾಡಿ, ಷೆಡ್ಯೂಲ್ಡ್ ಪರ್ಸನಲ್ ಪ್ರಾಪರ್ಟಿ ಎಂಡಾರ್ಸ್‌ಮೆಂಟ್ (ಪಾಲಿಸಿಗೆ ಅಂಟಿಸುವ ಹೆಚ್ಚುವರಿ ಪುಟ) ಸೇರಿಸುವುದು. ಆಗ ಕಾಣೆಯಾದದ್ದೂ ಸೇರುತ್ತೆ, ಡಿಡಕ್ಟಿಬಲ್ ಕೂಡ ಸಾಮಾನ್ಯವಾಗಿ ಇರುವುದಿಲ್ಲ. ಅಜ್ಜಿ ಕಾಲದ ಒಡವೆ ಮನೆಯಲ್ಲಿಟ್ಟುಕೊಂಡು ಈ ಮಿತಿ ಗೊತ್ತಿಲ್ಲದವರು ಎಷ್ಟೋ ಜನ. ಅವರಿಗೆ ಕನ್ನಡದಲ್ಲಿ ಇದನ್ನು ವಿವರಿಸಬಲ್ಲ ಏಜೆಂಟ್ ಬೇಕು, ಅದಕ್ಕೇ ನೀವು ಈ ಕೆಲಸಕ್ಕೆ ಬರುತ್ತಿರುವುದು ನನಗೆ ಖುಷಿ.

ಇನ್ನೊಂದು, ಊರಿಗೆ ಹೋಗುವುದು. ಡಿಸೆಂಬರಲ್ಲಿ ಬೀಗ ಹಾಕಿಕೊಂಡು ಎರಡು ತಿಂಗಳು ಹೋದಿರಿ. ಸಾಮಾನೆಲ್ಲ ಒಳಗಿದೆ, ಜನ ಇಲ್ಲ: ಅನ್‌ಆಕ್ಯುಪೈಡ್. ಜನವೂ ಇಲ್ಲ, ಸಾಮಾನೂ ಇಲ್ಲ: ವೇಕೆಂಟ್. 60 ದಿನಕ್ಕಿಂತ ಜಾಸ್ತಿ ವೇಕೆಂಟ್ ಆಗಿದ್ದರೆ ಕಿಡಿಗೇಡಿಗಳು ಮಾಡಿದ ಹಾನಿಗೆ, ಗಾಜು ಒಡೆದದ್ದಕ್ಕೆ ಸಿಗುವುದಿಲ್ಲ. ಬೀಗ ಹಾಕಿ ಊರಿಗೆ ಹೋದವರಿಗೆ ಆ ಚಿಂತೆ ಇಲ್ಲ. ಅವರ ಚಿಂತೆ ಪೈಪಿನದು. ಪೈಪು ಹೆಪ್ಪುಗಟ್ಟಿ ಒಡೆದು ಮನೆ ನೆಂದರೆ, ಮನೆ ಬೆಚ್ಚಗಿಡಲು ತಕ್ಕಮಟ್ಟಿನ ಎಚ್ಚರ ವಹಿಸಿರಬೇಕು, ಇಲ್ಲವೇ ನೀರು ಬಂದ್ ಮಾಡಿ ಪೈಪು ಖಾಲಿ ಮಾಡಿರಬೇಕು. ಹೀಟರ್ ಆಫ್ ಮಾಡಿ ಕರೆಂಟ್ ಬಿಲ್ ಉಳಿಸಲು ಹೋದರೆ ಕ್ಲೇಮ್ ಹೋಗುತ್ತೆ. 2021ರ ಫೆಬ್ರವರಿ ಚಳಿಯಲ್ಲಿ ಟೆಕ್ಸಾಸ್‌ನ ಎಷ್ಟು ಮನೆಗಳ ಪೈಪು ಒಡೆಯಿತು ಅಂತ ನಿಮ್ಮ ಅಕ್ಕಪಕ್ಕದವರನ್ನು ಕೇಳಿ.

ಕಾರಿನದ್ದು ಬೇಗ ಮುಗಿಸುತ್ತೇನೆ, ಯಾಕೆಂದರೆ ಅದು ಕಷ್ಟವಲ್ಲ. ನಿಮ್ಮ ತಪ್ಪಿನಿಂದ ಇನ್ನೊಬ್ಬರಿಗಾದ ಹಾನಿಗೆ ಟೆಕ್ಸಾಸ್ ಕನಿಷ್ಠ ಮಿತಿ 30/60/25, ಸಾವಿರ ಡಾಲರ್ ಲೆಕ್ಕದಲ್ಲಿ. ಒಬ್ಬರಿಗೆ ಪೆಟ್ಟಾದರೆ 30, ಒಂದು ಅಪಘಾತದಲ್ಲಿ ಎಲ್ಲರಿಗೂ ಸೇರಿ 60, ಇನ್ನೊಬ್ಬರ ಆಸ್ತಿಗೆ 25. ಮೂವರಿಗೆ ಪೆಟ್ಟಾಗಿ 40, 20, 15 ಸಾವಿರ ಖರ್ಚಾಯಿತು ಅನ್ನಿ. ಮೊದಲನೆಯವರಿಗೆ 30ಕ್ಕೆ ನಿಲ್ಲುತ್ತೆ. ಕೂಡಿದರೆ 65, ಕಂಪನಿ ಕೊಡುವುದು 60. ಮಿಕ್ಕದ್ದು ನಿಮ್ಮ ಜೇಬಿನಿಂದ. ನಿಮ್ಮ ಸ್ವಂತ ಕಾರಿನ ಹಾನಿಗೆ ಎರಡು ಭಾಗ: ಕೊಲಿಷನ್ (ಡಿಕ್ಕಿ), ಅದರ್ ದ್ಯಾನ್ ಕೊಲಿಷನ್ (ಡಿಕ್ಕಿ ಅಲ್ಲದ್ದು). ಜಿಂಕೆಗೆ ಗುದ್ದಿದರೆ ಕೊಲಿಷನ್ ಅಲ್ಲ, ಅದರ್ ದ್ಯಾನ್ ಕೊಲಿಷನ್. ಜಿಂಕೆ ತಪ್ಪಿಸಲು ಹೋಗಿ ಮರಕ್ಕೆ ಗುದ್ದಿದರೆ ಕೊಲಿಷನ್. ಕಾರನ್ನು ಬಾಡಿಗೆ ಟ್ಯಾಕ್ಸಿಯಂತೆ ಓಡಿಸುತ್ತಿದ್ದರೆ ಮಾಮೂಲಿ ಪಾಲಿಸಿ ಕೈಬಿಡುತ್ತೆ.

ತಪ್ಪು ಯಾರದು ಅನ್ನುವ ಲೆಕ್ಕ ರಾಜ್ಯದಿಂದ ರಾಜ್ಯಕ್ಕೆ ಬೇರೆ. ಟೆಕ್ಸಾಸ್‌ನಲ್ಲಿ ನಿಮ್ಮ ತಪ್ಪು ಶೇ. 50 ದಾಟದಿದ್ದರೆ ಅಷ್ಟು ಪಾಲು ಕಳೆದು ಮಿಕ್ಕದ್ದು ಸಿಗುತ್ತೆ. ಉತ್ತರ ಕೆರೊಲಿನಾ, ವರ್ಜೀನಿಯಾ, ಮೇರಿಲ್ಯಾಂಡ್, ಅಲಬಾಮದಲ್ಲಿ ನಿಮ್ಮದು ಸ್ವಲ್ಪ ತಪ್ಪಿದ್ದರೂ ಸಾಮಾನ್ಯವಾಗಿ ಏನೂ ಸಿಗುವುದಿಲ್ಲ. 1945ರ ಮೆಕ್‌ಕ್ಯಾರನ್-ಫರ್ಗುಸನ್ ಕಾಯ್ದೆ ವಿಮೆಯ ಹಿಡಿತವನ್ನು ರಾಜ್ಯಗಳ ಕೈಯಲ್ಲೇ ಬಿಟ್ಟಿರುವುದರಿಂದ ನಿಮ್ಮ ಲೈಸೆನ್ಸ್, ಪರೀಕ್ಷೆಯ ನಿಯಮಗಳೂ ಟೆಕ್ಸಾಸ್‌ನವೇ. ಕ್ಯಾಲಿಫೋರ್ನಿಯಾದ ಗೆಳತಿಯ ನೋಟ್ಸ್‌ನಿಂದ ಪೂರ್ತಿ ಓದಬೇಡಿ. ಅಲ್ಲಿನ ಕನಿಷ್ಠ ಮಿತಿ 2025ರ ಜನವರಿಯಿಂದ 30/60/15. ಹಳೆಯ ನೋಟ್ಸಲ್ಲಿ 15/30/5 ಅಂತಲೇ ಇರುತ್ತೆ. ನಿಮ್ಮ ಪರೀಕ್ಷೆ ನಡೆಸುವುದು ಪಿಯರ್ಸನ್ ವಿಯು, ಪಾಸಾಗಲು 70 ಬೇಕು. ಯಾವ ಅಧ್ಯಾಯಕ್ಕೆ ಎಷ್ಟು ಪ್ರಶ್ನೆ ಅಂತ ಅವರ ಕ್ಯಾಂಡಿಡೇಟ್ ಹ್ಯಾಂಡ್‌ಬುಕ್‌ನಲ್ಲಿ ಪುಕ್ಕಟೆ ಸಿಗುತ್ತೆ. ಮೊದಲು ಅದನ್ನು ಇಳಿಸಿಕೊಳ್ಳಿ.

ಮತ್ತೆ ಅಪ್ಪನ ವಿಷಯಕ್ಕೆ. ಊರಲ್ಲಿ ಮೊದಲ ಕಂತಿನಲ್ಲಿ ಏಜೆಂಟ್ ತನ್ನ ಕಮಿಷನ್‌ನಿಂದ ಸ್ವಲ್ಪ ಗ್ರಾಹಕರಿಗೆ ಬಿಟ್ಟುಕೊಡುವುದನ್ನು ನೀವೂ ಕೇಳಿರುತ್ತೀರಿ. ಭಾರತದಲ್ಲೂ 1938ರ ವಿಮಾ ಕಾಯ್ದೆಯ 41ನೇ ಸೆಕ್ಷನ್ ಪ್ರಕಾರ ಅದು ನಿಷಿದ್ಧ. ಇಲ್ಲಿ ಅದಕ್ಕೆ ರಿಬೇಟಿಂಗ್ ಅನ್ನುತ್ತಾರೆ, ಲೈಸೆನ್ಸಿಗೇ ಕುತ್ತು ಬರಬಹುದು. ಗ್ರಾಹಕರು "ನಮ್ಮವರೇ ಅಲ್ವಾ, ಏನಾದರೂ ಬಿಡಿ" ಅಂತ ಖಂಡಿತ ಕೇಳುತ್ತಾರೆ. ಬಿಡುವ ಹಾಗಿಲ್ಲ. ಸಣ್ಣ ಉಡುಗೊರೆಗೆ ಎಷ್ಟರ ಮಟ್ಟಿಗೆ ಅವಕಾಶ ಅನ್ನುವುದು ರಾಜ್ಯದ ಕಾನೂನಿನಲ್ಲಿರುತ್ತೆ, ಟೆಕ್ಸಾಸ್ ಭಾಗದಲ್ಲಿ ಓದಿ. ಇದರ ಜೊತೆಗೇ ಇನ್ನೆರಡು: ಸುಳ್ಳು ಹೇಳಿ ಇರುವ ಪಾಲಿಸಿ ಬಿಡಿಸಿ ಬೇರೆ ಕೊಡಿಸುವುದು ಟ್ವಿಸ್ಟಿಂಗ್, ಗ್ರಾಹಕರ ಪ್ರೀಮಿಯಂ ಹಣವನ್ನು ಸ್ವಂತ ಖಾತೆಯಲ್ಲಿ ಬೆರೆಸುವುದು ಕಮಿಂಗ್ಲಿಂಗ್.

ಕೊನೆಗೆ ಓದುವ ರೀತಿ. ಪದದ ಕಾರ್ಡ್ ಬದಲು ಘಟನೆಯ ಕಾರ್ಡ್ ಮಾಡಿ. ಮುಂದೆ ಒಂದು ಸಣ್ಣ ಘಟನೆ: "ಊರಿಗೆ ಹೋಗಿದ್ದರು, ಪೈಪು ಒಡೆಯಿತು." ಹಿಂದೆ ಮೂರು ಸಾಲು: ಪೆರಿಲ್ ಯಾವುದು, ಪಾಲಿಸಿಯ ಯಾವ ಭಾಗ, ಎಷ್ಟು ದುಡ್ಡು ಮತ್ತು ಯಾಕೆ ಅಷ್ಟೇ. ಪ್ರಶ್ನೆಯಲ್ಲಿ "ಎಕ್ಸೆಪ್ಟ್", "ನಾಟ್" ಇದ್ದರೆ ಮೊದಲು ಆ ಪದಕ್ಕೆ ಕಣ್ಣು ಹಾಕಿ, ಆಮೇಲೆ ಮಿಕ್ಕದ್ದು. ಪ್ರಾಕ್ಟೀಸ್ ಟೆಸ್ಟಲ್ಲಿ ಎರಡು ಉತ್ತರಗಳ ಮಧ್ಯೆ ಸಿಕ್ಕಿದಾಗ, ಯಾವುದನ್ನು ಒಪ್ಪಿದರೆ ಗ್ರಾಹಕರಿಗೆ ಹಾನಿಗಿಂತ ಜಾಸ್ತಿ ದುಡ್ಡು ಸಿಗುತ್ತೆ ಅಂತ ನೋಡಿ. ಆಸ್ತಿ ವಿಮೆಯ ಪ್ರಶ್ನೆಯಲ್ಲಿ ಆ ಉತ್ತರ ಬಹುಪಾಲು ತಪ್ಪಾಗಿರುತ್ತೆ. ಪಾಸಾದ ಮೇಲೆ ಬೆರಳಚ್ಚು ಕೊಟ್ಟು, ಆನ್‌ಲೈನಲ್ಲಿ ಅರ್ಜಿ ಹಾಕಬೇಕು. ಲೈಸೆನ್ಸ್ ಕೈಗೆ ಬರುವವರೆಗೆ ಯಾರಿಗೂ, ಸ್ನೇಹಿತರಿಗೂ ಸಹ, ಪಾಲಿಸಿ ಮಾರಬೇಡಿ.